ಸೈನ್ಸ್ ಫಿಕ್ಷನ್ ಆಡಿಯೊ ನಾಟಕ: ಹೊಸಬರಿಗೆ ಹೇಗೆ ಹೇಳಬೇಕು, ಯಾವುದನ್ನು ಕೊಡಬೇಕು

ಬರೀ ಲಿಂಕ್ ಕಳಿಸಿ ‘ಸೂಪರ್ ಆಗಿದೆ, ಕೇಳಿ’ ಅಂದರೆ ಯಾರೂ ಕೇಳುವುದಿಲ್ಲ. ಈ ನಾಟಕಗಳು ಬರುವುದು ಪಾಡ್‌ಕಾಸ್ಟ್ ಆಗಿ, ಆದರೆ ಪಾಡ್‌ಕಾಸ್ಟ್ ಅಂದರೆ ಇಬ್ಬರು ಮೈಕ್ ಮುಂದೆ ಕೂತು ಹರಟುವುದು ಅಂದುಕೊಂಡವರೇ ಜಾಸ್ತಿ. ಹಾಗಾಗಿ ‘ಇದು ರೇಡಿಯೊ ನಾಟಕ, ಕಂತು ಕಂತಾಗಿ ಬರುತ್ತೆ’ ಅಂತಲೇ ಶುರು ಮಾಡಿ. ಚಿಂದೋಡಿಯವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ದಾವಣಗೆರೆಯಲ್ಲಿ ನಾಟಕ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಕೊಡಬೇಕಾದದ್ದು ‘ವುಲ್ಫ್ 359’. ಇದು 2014ರಿಂದ 2017ರವರೆಗೆ ಬಂದ ಅಮೆರಿಕದ ಇಂಗ್ಲಿಷ್ ಸರಣಿ. ಒಟ್ಟು 61 ಕಂತು, ಕಥೆ ಪೂರ್ತಿ ಮುಗಿದಿದೆ. ಅರ್ಧಕ್ಕೆ ನಿಂತ ಸರಣಿಯನ್ನು ಹೊಸಬರ ಕೈಗೆ ಕೊಟ್ಟರೆ ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಕಥೆ ಹೇಳಲು ಹೋಗಬೇಡಿ, ಇಷ್ಟು ಸಾಕು: ‘ಸುಮಾರು 8 ಜ್ಯೋತಿರ್ವರ್ಷ ದೂರದ ಒಂದು ಕೆಂಪು ನಕ್ಷತ್ರವನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣ. ಒಳಗೆ ಮೂರು ಜನ, ಒಂದು ಮಾತಾಡುವ ಕಂಪ್ಯೂಟರ್. ಒಬ್ಬರಿಗೊಬ್ಬರು ಆಗಿಬರಲ್ಲ.’ ವುಲ್ಫ್ 359 ಅನ್ನುವ ಆ ನಕ್ಷತ್ರ ನಿಜವಾಗಿಯೂ ಇದೆ, ಸಿಂಹ ರಾಶಿಯ ದಿಕ್ಕಿನಲ್ಲಿ. ಬರಿಗಣ್ಣಿಗೆ ಮಾತ್ರ ಕಾಣುವುದಿಲ್ಲ.

ಜನ ಬಿಟ್ಟುಬಿಡುವುದು ಹೆಚ್ಚಾಗಿ ಮೊದಲ ಹತ್ತು ನಿಮಿಷದಲ್ಲೇ. ಯಾವ ದನಿ ಯಾರದ್ದು ಅಂತ ಗೊತ್ತಾಗುವುದಿಲ್ಲ. ಆಕಾಶವಾಣಿ ನಾಟಕದ ಹಾಗೆ ಮೊದಲೇ ಪಾತ್ರ ಪರಿಚಯ ಮಾಡಿಕೊಡುವವರು ಇಲ್ಲಿ ಇಲ್ಲ. ಅದಕ್ಕೆ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಹಾಕಿ: ಐಫೆಲ್ – ವಾಚಾಳಿ, ಆಕಾಶದಿಂದ ಸಂಕೇತ ಬರುತ್ತಾ ಅಂತ ಕಾಯುವುದು ಅವನ ಕೆಲಸ; ಮಿಂಕೌಸ್ಕಿ – ಕಮಾಂಡರ್ ಮೇಡಂ, ಶಿಸ್ತು; ಹಿಲ್ಬರ್ಟ್ – ವಿಜ್ಞಾನಿ, ರಷ್ಯನ್ ಉಚ್ಚಾರ; ಹೆರಾ – ಕಂಪ್ಯೂಟರ್. ಜೊತೆಗೆ ಇಡೀ ಸರಣಿಯ ಲಿಂಕ್ ಬೇಡ, ಮೊದಲ ಕಂತಿನ ಲಿಂಕ್ ಮಾತ್ರ. ಎಷ್ಟೋ ಆಪ್‌ಗಳು ಹೊಸ ಕಂತನ್ನು ಮೇಲೆ ತೋರಿಸುತ್ತವೆ. ಸರಣಿ ತೆರೆದವರು ಸೀದಾ ಕೊನೆಯ ಕಂತು ಒತ್ತುತ್ತಾರೆ, ಗುಟ್ಟೆಲ್ಲ ರಟ್ಟು. ಪಟ್ಟಿಯನ್ನು ‘ಹಳೆಯದು ಮೊದಲು’ ಅಂತ ಮಾಡಿಕೊಡಿ.

ಸಾಧ್ಯವಾದರೆ ಅವರ ಫೋನ್ ಇಸಿದುಕೊಂಡು ನೀವೇ ಸೆಟ್ಟಿಂಗ್ ಮಾಡಿ. ಆಂಟೆನಾಪಾಡ್, ಪಾಕೆಟ್ ಕ್ಯಾಸ್ಟ್ಸ್‌ನಂಥ ಪಾಡ್‌ಕಾಸ್ಟ್ ಆಪ್‌ಗಳಲ್ಲಿ ಮೌನದ ಜಾಗ ಹಾರಿಸುವ ಆಯ್ಕೆ ಇರುತ್ತದೆ. ಅದು ಆಫ್ ಇರಲಿ. ಹರಟೆಗೆ ಸರಿ, ನಾಟಕದಲ್ಲಿ ಎರಡು ಮಾತಿನ ನಡುವಿನ ಮೌನ ಕತ್ತರಿಸಿದರೆ ಭಯವೂ ಹೋಯಿತು, ನಗುವೂ ಹೋಯಿತು. ವೇಗ 1 ಇರಲಿ. ಇಂಗ್ಲಿಷ್ ವೇಗ ಜಾಸ್ತಿ ಅನಿಸಿದರೆ 0.9 ಮಾಡಬಹುದು, ಅದಕ್ಕಿಂತ ಇಳಿಸಿದರೆ ದನಿ ಎಳೆದಂತೆ ಕೇಳುತ್ತದೆ. ಕಿವಿಗೆ ಎರಡೂ ಇಯರ್‌ಫೋನ್ ಹಾಕಲು ಹೇಳಿ. ಒಂದನ್ನೇ ಹಾಕಿಕೊಂಡರೆ ಇನ್ನೊಂದು ಬದಿಯಿಂದ ಬರುವ ಸದ್ದು ಕೇಳಿಸದೇ ಹೋಗಬಹುದು. ಡೌನ್‌ಲೋಡ್ ಮನೆಯ ವೈಫೈನಲ್ಲೇ ಆಗಲಿ; 128 ಕೆಬಿಪಿಎಸ್ ಗುಣಮಟ್ಟದ ಆಡಿಯೊ ಫೈಲ್ ಆದರೆ ನಿಮಿಷಕ್ಕೆ ಸುಮಾರು 1 ಎಂಬಿ.

ಮೊದಲ ಕಂತು ಬಸ್ಸಿನಲ್ಲಿ ಬೇಡ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ., ಎರಡು ಕಂತಿಗೆ ಸರಿಯಾದ ದಾರಿ ಅನಿಸುತ್ತದೆ ನಿಜ. ಆದರೆ ಎಂಜಿನ್ ಗದ್ದಲದಲ್ಲಿ ಪಿಸುಮಾತು ಕೇಳದೆ ವಾಲ್ಯೂಮ್ ಏರಿಸುತ್ತಾರೆ, ಮರುಕ್ಷಣ ಕಥೆಯೊಳಗಿನ ಬಾಹ್ಯಾಕಾಶ ನಿಲ್ದಾಣದ ಅಲಾರಾಂ ಹೊಡೆದು ಇಯರ್‌ಫೋನ್ ಕಿತ್ತೆಸೆಯುತ್ತಾರೆ. ಬೆಳಿಗ್ಗೆ ಕುಂದುವಾಡ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವವರಾದರೆ ಅದೇ ಒಳ್ಳೆ ಹೊತ್ತು. ದನಿಗಳ ಗುರುತು ಸಿಕ್ಕ ಮೇಲೆ ಬಸ್ಸಾದರೂ ಸರಿ.

ಇನ್ನೊಂದು ಮಾತು ಮುಂಚೆಯೇ ಹೇಳಿಬಿಡಿ: ಶುರುವಿನ ಕಂತುಗಳು ಬರೀ ತಮಾಷೆ. ಮೊದಲ ಸೀಸನ್ 13 ಕಂತು, ಅದರ ಕೊನೆಗೆ ಬರುವ ಹೊತ್ತಿಗೆ ಕಥೆ ಬಿಗಿಯಾಗುತ್ತದೆ. ‘ಏನೂ ನಡೀತಾನೇ ಇಲ್ವಲ್ರೀ’ ಅಂತ ಐದನೇ ಕಂತಿಗೆ ದೂರು ಬಂದರೆ ಗಾಬರಿ ಬೇಡ. ಐಫೆಲ್ ಉದುರಿಸುವ ಅಮೆರಿಕನ್ ಸಿನಿಮಾ ಜೋಕುಗಳು ಅರ್ಧ ತಲೆಗೆ ಹೋಗದಿದ್ದರೂ ಕಥೆಗೆ ನಷ್ಟವಿಲ್ಲ.

ತಮಾಷೆಯೇ ಆಗದವರಿಗೆ, 61 ಕಂತು ಅಂದೊಡನೆ ಹಿಂಜರಿಯುವವರಿಗೆ ‘ದ ಮೆಸೇಜ್’ ಕೊಡಿ. 2015ರದ್ದು, ಎಂಟೇ ಪುಟ್ಟ ಕಂತು. 70 ವರ್ಷ ಹಿಂದೆ ಬಾಹ್ಯಾಕಾಶದಿಂದ ಬಂದ ಸಂದೇಶವನ್ನು ಬಿಡಿಸಲು ಕೂತವರ ಕಥೆ. ಒಂದು ಭಾನುವಾರಕ್ಕೆ ಮುಗಿಯುತ್ತದೆ.