ಸಾಗರದಲ್ಲಿ ಒಂದು ದಿನ: ಇಕ್ಕೇರಿಯ ಕಲ್ಲು, ದೀವರ ಗೋಡೆ

ಶಿವಮೊಗ್ಗದಿಂದ ಸಾಗರಕ್ಕೆ 70 ಕಿ.ಮೀ. ಚಿಲ್ಲರೆ; ಬಸ್ಸಿಗೆ ಎರಡು ಗಂಟೆ ಹಿಡಿಯಿರಿ. ಬಂದವರಲ್ಲಿ ಹೆಚ್ಚಿನವರು ಊರಲ್ಲಿ ಕಾಫಿ ಕುಡಿದು ಸೀದಾ ಜೋಗಕ್ಕೆ ಹೋಗಿಬಿಡುತ್ತಾರೆ. ಜೋಗ ಇನ್ನೊಂದು ದಿನಕ್ಕಿರಲಿ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಮೊದಲು ತಪ್ಪಿಹೋಗುವುದು ಗೋಡೆಗೆ ಚಿತ್ತಾರ ಬರೆದ ದೀವರ ಮನೆಗಳೇ.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹುಲ್ಲಿಗೆ ಕಾಲಿಟ್ಟಲ್ಲೆಲ್ಲ ಇಂಬಳ (ಜಿಗಣೆ), ಗೋಡೆಗಳಿಗೂ ಥಂಡಿ ಹಿಡಿದಿರುತ್ತದೆ.

ಬೆಳಿಗ್ಗೆ ಮೊದಲು ಇಕ್ಕೇರಿಗೆ ಹೋಗಿ, ಆರು ಕಿ.ಮೀ. ಅಷ್ಟೆ. ಆಟೋಗೆ ಹೋಗಿಬರುವ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ. ವಾಪಸ್ಸಿಗೆ ಅಲ್ಲಿ ಗಾಡಿ ಹುಡುಕುತ್ತ ನಿಂತರೆ ಬೆಳಗು ಮುಗಿದೇಹೋಗುತ್ತದೆ. ಅಘೋರೇಶ್ವರ ದೇವಸ್ಥಾನದ ನಂದಿಯನ್ನು ಎಲ್ಲರೂ ನೋಡುತ್ತಾರೆ, ನೆಲ ನೋಡುವವರು ಕಡಿಮೆ. ಗರ್ಭಗುಡಿಯ ಎದುರು ಹಾಸುಗಲ್ಲಿನಲ್ಲಿ ಕೆಳದಿಯ ಮೂವರು ನಾಯಕರು ಅಡ್ಡಬಿದ್ದಿದ್ದಾರೆ, ತಲೆಯ ಮೇಲೆ ಹೆಸರು ಕೊರೆದಿದೆ. ಅವರಲ್ಲಿ ಒಬ್ಬ, ಹುಚ್ಚ ಸೋಮಣ್ಣ, ಕೈಕಾಲಿಗೆ ಬೇಡಿ ಹಾಕಿಕೊಂಡಿದ್ದಾನೆ. ಅಡಿಕೆ ತೋಟದವರು ಕಂಬಗಳನ್ನೂ ಗಮನಿಸಿ: ಅವುಗಳ ನಡುವಿನ ಅಂತರವೇ ಹಿಂದೆ ತೋಟದ ಅಳತೆಗೆ ಪ್ರಮಾಣವಾಗಿತ್ತು.

ಆಮೇಲೆ ಊರಿನ ಇನ್ನೊಂದು ದಿಕ್ಕಿನ ಕೆಳದಿ. ವೀರಭದ್ರ ಗುಡಿಯ ಒಳಚಾವಣಿಯಲ್ಲಿ ಗಂಡಭೇರುಂಡವಿದೆ, ಕತ್ತೆತ್ತಿ ಹುಡುಕಿ. ಅಲ್ಲಿಗೆ ಒಂದು ಗಂಟೆ ಸಾಕು. ಮಧ್ಯಾಹ್ನದ ಊಟ ಸಾಗರದಲ್ಲಿ. ಆಲೆಮನೆಯ ಕಾಲವಾದರೆ ಕಬ್ಬಿನ ಹಾಲಿನ ತೊಡೆದೇವು, ಹಾಳೆಯಂಥ ತೆಳು ಗರಿಗರಿ ಸಿಹಿ, ಕೇಳಿ ನೋಡಿ. ಕಟ್ಟಿಸಿಕೊಂಡು ಹೋಗುವುದಾದರೆ ಗಾಳಿಯಾಡದ ಡಬ್ಬಿ ಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಮೆತ್ತಗಾಗುತ್ತದೆ.

ಇಡೀ ಮಧ್ಯಾಹ್ನವನ್ನು ಹಸೆ ಚಿತ್ತಾರಕ್ಕೆ, ಅಂದರೆ ಇಲ್ಲಿನ ದೀವರು ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಚಿತ್ರಕ್ಕೆ, ಬಿಡಿ. ಜೋಗದ ರಸ್ತೆಯ ಸಿರಿವಂತೆಯ ಕಡೆ ವಿಚಾರಿಸಬಹುದು. ಮೊದಲೇ ಹೇಳಿ ಹೋಗಬೇಕು, ಅದು ಯಾರದೋ ಮನೆ, ಮ್ಯೂಸಿಯಂ ಅಲ್ಲ. 'ಅಕ್ಕಾ, ಫೋಟೋ ತೆಗೀಬಹುದಾ' ಅಂತ ಕೇಳಿಯೇ ಮೊಬೈಲ್ ಎತ್ತಿ. ಮಹಾರಾಷ್ಟ್ರದ ವರ್ಲಿ ಗೋಡೆಚಿತ್ರದಂತೆ ಇದೆ ಅನ್ನಬೇಡಿ. ಇದರ ಜೀವ ಇರುವುದು ಎಳೆಗಳ, ಅಂದರೆ ಗೆರೆಗಳ, ಲೆಕ್ಕದಲ್ಲಿ. ಮದುವೆ ಮನೆಯ ಹಸೆಗೋಡೆಯಲ್ಲಿ (ಮದುಮಕ್ಕಳು ಕೂರುವ ಕಡೆಯ ಗೋಡೆ) ಚೌಕ ಕಟ್ಟಿ, ಅದರೊಳಗೆ ಎಳೆಯ ಪಕ್ಕ ಎಳೆ ತುಂಬುತ್ತ ಹೋಗುತ್ತಾರೆ.

ಕೈಯಾಡಿಸುವ ಆಸೆಯಿದ್ದರೆ ಎರಡಡಿ ಪ್ಲೈವುಡ್ ತುಂಡು ಸಾಕು. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಎರಡು ಸಲ ಬಳಿದು ಪೂರ್ತಿ ಒಣಗಿಸಿ. ಹಸಿಯಿರುವಾಗಲೇ ಎಳೆ ಹಾಕಿದರೆ ಬಿಳಿ ಕೆಂಪಾಗುತ್ತದೆ. ಬಿಳಿಗೆ ಒಂದು ಹಿಡಿ ಅಕ್ಕಿಯನ್ನು ರಾತ್ರಿ ನೆನೆಹಾಕಿ ಬೆಣ್ಣೆಯಂತೆ ನುಣ್ಣಗೆ ಅರೆಯಿರಿ. ಕಪ್ಪಿಗೆ ಅಕ್ಕಿಯನ್ನು ಕರಕಲಾಗುವಷ್ಟು ಹುರಿದು ಅರೆಯುತ್ತಾರೆ. ಹಳದಿ, ಗುರಿಗೆ ಎಂಬ ಕಾಡು ಮರದ ಕಾಯಿಯದು. ಕುಂಚಕ್ಕೆ ಪುಂಡಿ ಗಿಡದ ನಾರು, ತುದಿ ಜಜ್ಜಿದ್ದು.

ಹೊಸಬರು ಎಡವುವುದು ಬಿಳಿಯಲ್ಲಿ. ಹಾಕಿದಾಗ ಎಳೆ ಕಾಣುವುದೇ ಇಲ್ಲವೆಂದು ಮೇಲೆ ಮೇಲೆ ತೀಡುತ್ತಾರೆ. ಅಕ್ಕಿ ಹಿಟ್ಟು ಬೆಳ್ಳಗಾಗುವುದು ಒಣಗಿದ ಮೇಲೆ, ಅಷ್ಟು ಹೊತ್ತು ಕಾಯಬೇಕು. ದಪ್ಪಗೆ ತೀಡಿದ್ದು ಒಣಗಿ ಬಿರಿದು ಉದುರುತ್ತದೆ. ಕುಂಚವನ್ನು ನೆಟ್ಟಗೆ ಹಿಡಿಯದೆ ಮಲಗಿಸಿ, ನಿಮ್ಮ ಕಡೆಗೆ ಒಂದೇ ಉಸಿರಿಗೆ ಎಳೆಯಿರಿ. ನಡುವೆ ನಿಂತಲ್ಲಿ ಗಂಟು ಬೀಳುತ್ತದೆ.

ಕೊಳ್ಳುವುದಾದರೆ ಭೂಮಣ್ಣಿ ಬುಟ್ಟಿ ಕೇಳಿ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಗದ್ದೆಗೆ ಚರಗ (ಭೂಮಿಗೆ ಬಡಿಸುವ ಎಡೆ) ಹೊರುವ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿ ಅದು. ದಿನಗಟ್ಟಲೆ ಕೆಲಸ ಹಿಡಿಯುತ್ತದೆ, ಚೌಕಾಸಿಗೆ ಇಳಿಯಬೇಡಿ. ಬಸ್ಸಿನಲ್ಲಿ ಲಗೇಜಿನ ನಡುವೆ ತುರುಕದೆ ಮಡಿಲಲ್ಲೇ ಇಟ್ಟುಕೊಳ್ಳಿ. ಒದ್ದೆ ಕೈ ತಾಗಿದರೂ ಎಳೆ ಎದ್ದು ಬರುತ್ತದೆ.