ಟೇಪು ಎಲ್ಲಿ ಹಿಡಿಯಬೇಕು

ಹೊಟ್ಟೆಯ ಅಳತೆಗೆ ಪ್ಯಾಂಟಿನ ಸೈಜನ್ನು ನಂಬಬೇಡಿ. 31 ವರ್ಷ ಪ್ಯಾಂಟು ಹೊಲಿದ ನಾನೇ ಹೇಳುತ್ತಿದ್ದೇನೆ. ಹೊಟ್ಟೆ ಬಂದವರು ಬೆಲ್ಟನ್ನು ಕೆಳಕ್ಕೆ ಇಳಿಸಿಕೊಂಡು, "ಮದುವೆಯಾದಾಗಿಂದ 34ರಲ್ಲೇ ಇದೀನಿ" ಅನ್ನುತ್ತಾರೆ. ನಾನೂ ಅಂದವನೇ. ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, ಹೆಚ್ಚಾಗಿ 260 ಬಂದಾಗ, ಫಾರ್ಮಕಾಲಜಿ (ಔಷಧಗಳ ಶಾಸ್ತ್ರ) ಓದುತ್ತಿರುವ ಮಗಳು ನನ್ನದೇ ಟೇಪಿನಿಂದ ನನ್ನ ಅಳತೆ ತೆಗೆದಳು. ಪ್ಯಾಂಟು 34, ಹೊಟ್ಟೆ 39 ಇಂಚು.

ಅಳೆಯುವುದು ಹೀಗೆ. ಬರಿಮೈಯಲ್ಲಿ ನೆಟ್ಟಗೆ ನಿಲ್ಲಿ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಬೆರಳಿಗೆ ಸಿಗುತ್ತದೆ, ಅದರ ಕೆಳಗೆ ಸೊಂಟದ ಮೂಳೆಯ ಮೇಲ್ತುದಿ. ಇವೆರಡರ ನಟ್ಟನಡುವೆ ಟೇಪು ಸುತ್ತಿ. ಹಿಂದೆ ಜಾರಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ, ಹೆಚ್ಚಿನವರಿಗೆ ಜಾರಿರುತ್ತದೆ. ಉಸಿರು ಸಹಜವಾಗಿ ಹೊರಗೆ ಬಿಟ್ಟಾಗ ಓದಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಟ್ರಯಲ್ ರೂಮಿನಲ್ಲಿ ಎಲ್ಲರೂ ಮಾಡುವ ಕಳ್ಳಾಟ ಅದು. ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ. ಅದು ನೆನಪಿರದಿದ್ದರೆ, ನಿಮ್ಮ ಎತ್ತರದ ಅರ್ಧಕ್ಕಿಂತ ನಡು ಕಡಿಮೆಯಿರಲಿ.

ತೂಕ ಬಿಟ್ಟು ಹೊಟ್ಟೆಯನ್ನೇ ಯಾಕೆ ಅಳೆಯಬೇಕು? ಚಿವುಟಿದರೆ ಕೈಗೆ ಬರುವ ಚರ್ಮದಡಿಯ ಬೊಜ್ಜು ಬೇರೆ, ಕರುಳಿನ ಸುತ್ತ ಕೂತ ಬೊಜ್ಜು ಬೇರೆ. ಒಳಗಿನದರ ರಕ್ತ ನೇರ ಲಿವರಿಗೇ ಹೋಗುತ್ತದೆ. ಲಿವರಿನಿಂದ ಟ್ರೈಗ್ಲಿಸರೈಡ್ ರಕ್ತಕ್ಕೆ ಬರುತ್ತದೆ, ಇನ್ಸುಲಿನ್ ಮಾತು ನಡೆಯದಂತಾಗುತ್ತದೆ, ಕೊನೆಗೆ ಪೆಟ್ಟು ಹೃದಯದ ರಕ್ತನಾಳಗಳಿಗೆ.

ಇಲ್ಲಿಂದ ಮುಂದಿನದು ಮಗಳ ಪಾಠ. ಜೀವಕೋಶದ ಮೇಲೆ ಸಂದೇಶ ಹಿಡಿದುಕೊಳ್ಳುವ ಜಾಗಕ್ಕೆ ಗ್ರಾಹಕ (ರಿಸೆಪ್ಟರ್) ಅನ್ನುತ್ತಾರೆ; ಗಾಂಜಾದ ಅಂಶ ಮೆದುಳಿನಲ್ಲಿ ಹೋಗಿ ಕೂರುವ ಗ್ರಾಹಕಕ್ಕೆ ಸಿಬಿ1 ಎಂದು ಹೆಸರು. ಅದಕ್ಕೆ ನಮ್ಮ ಮೈಯೇ ತಯಾರಿಸುವ ವಸ್ತುಗಳಿವೆ, ಅವೇ ಎಂಡೋಕ್ಯಾನಬಿನಾಯ್ಡ್‌ಗಳು. 1992ರಲ್ಲಿ ಮೊದಲನೆಯದು ಸಿಕ್ಕಾಗ ಸಂಸ್ಕೃತದ 'ಆನಂದ'ದಿಂದ ಆನಂದಮೈಡ್ ಎಂದು ಕರೆದರು. 1995ರಲ್ಲಿ 2-ಎಜಿ ಎಂಬ ಇನ್ನೊಂದು ಸಿಕ್ಕಿತು. ಮೆದುಳಿನಲ್ಲಿ ಇವು "ಇನ್ನೊಂದು ತಿನ್ನು" ಅನ್ನುತ್ತವೆ, ಲಿವರಿನಲ್ಲಿ ಕೊಬ್ಬು ತಯಾರಿಸಲು ಹೇಳುತ್ತವೆ. ಒಳಬೊಜ್ಜು ಇರುವವರ ರಕ್ತದಲ್ಲಿ 2-ಎಜಿ ಹೆಚ್ಚಿರುವುದು ಕಂಡುಬಂದಿದೆ. ಹೊಟ್ಟೆ ತುಂಬಿದ ಮೇಲೂ ಕೈ ಕುರುಕಲು ಡಬ್ಬಿಯೊಳಗೆ ಹೋಗುವುದು ಬರೀ ನಾಲಿಗೆ ಚಪಲ ಅಂದುಕೊಂಡಿದ್ದೆ. ಕೇಳಿ ಸ್ವಲ್ಪ ಸಮಾಧಾನವಾಯಿತು, ನಿಜ ಹೇಳುತ್ತೇನೆ.

"ಹಾಗಾದರೆ ಆ ಗ್ರಾಹಕವನ್ನೇ ಮುಚ್ಚಿಬಿಡೋ ಮಾತ್ರೆ ಇಲ್ವಾ?" ಅಂದೆ. ಇತ್ತಂತೆ. ರಿಮೋನಬಂಟ್ ಎಂಬ ಆ ಮಾತ್ರೆ ಯುರೋಪಿನಲ್ಲಿ 2006ರಲ್ಲಿ ಬಂತು. ಒಂದು ದೊಡ್ಡ ಪ್ರಯೋಗದಲ್ಲಿ ವರ್ಷಕ್ಕೆ ನಡು ಸರಾಸರಿ 6.5 ಸೆಂ.ಮೀ. ಇಳಿಯಿತು, ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಿಗೆ 2.4. ನನ್ನ ಲೆಕ್ಕದಲ್ಲಿ ಒಂದು ಸೈಜಿಗಿಂತ ಜಾಸ್ತಿಯೇ. ಆದರೆ ಹಸಿವಿನ ಜೊತೆ ಮನಸ್ಸಿನ ನೆಮ್ಮದಿಯೂ ಅದೇ ಗ್ರಾಹಕವನ್ನು ನೆಚ್ಚಿಕೊಂಡಿದೆ. ನುಂಗಿದ ಕೆಲವರಿಗೆ ಖಿನ್ನತೆ, ಆತ್ಮಹತ್ಯೆಯ ಯೋಚನೆ ಶುರುವಾದವು. 2008ರಲ್ಲಿ ಮಾರಾಟ ನಿಂತಿತು. ಹೃದಯಕ್ಕೆ ಲಾಭವಿದೆಯೇ ಎಂದು 18,000ಕ್ಕೂ ಹೆಚ್ಚು ಜನರಲ್ಲಿ ನಡೆಯುತ್ತಿದ್ದ ಪ್ರಯೋಗವನ್ನೂ ನಡುವೆಯೇ ನಿಲ್ಲಿಸಿದರು, ಲಾಭ ಕಾಣಲಿಲ್ಲ. ಹೊಟ್ಟೆ ಕರಗಿಸುತ್ತೇವೆ ಅನ್ನುವ ಗಾಂಜಾ ಎಣ್ಣೆಯ ಜಾಹೀರಾತು ಕಂಡರೆ, ಹಸಿವಿನ ಗ್ರಾಹಕಕ್ಕೆ ಕೈ ಹಾಕಿದಾಗ ಮನಸ್ಸಿಗೂ ಪೆಟ್ಟು ಬಿದ್ದದ್ದು ನೆನಪಿರಲಿ. ಗಾಂಜಾ ಸೇದುವುದಂತೂ ಎದೆಬಡಿತ ಏರಿಸುತ್ತದೆ.

ಆದ್ದರಿಂದ ದಾರಿ ಆ ಗ್ರಾಹಕವನ್ನು ಮುಚ್ಚುವುದಲ್ಲ, ಕೆಣಕದೆ ಇರುವುದು. ಮೊದಲು ನಿದ್ದೆ. 2016ರ ಒಂದು ಚಿಕ್ಕ ಪ್ರಯೋಗದಲ್ಲಿ ನಾಲ್ಕು ರಾತ್ರಿ ನಾಲ್ಕೂವರೆ ಗಂಟೆಯಷ್ಟೇ ಮಲಗಲು ಬಿಟ್ಟಾಗ 2-ಎಜಿ ಮಧ್ಯಾಹ್ನ ಹೆಚ್ಚು ಏರಿ, ಸಂಜೆಯವರೆಗೂ ಹಾಗೇ ಉಳಿಯಿತು. ಅವರು ಕುರುಕಲು ಮೆದ್ದಿದ್ದೂ ಜಾಸ್ತಿ. ಹಬ್ಬದ ಸೀಸನ್ನಿನಲ್ಲಿ ರಾತ್ರಿ ಎರಡರವರೆಗೆ ಮಿಷನ್ ತುಳಿಯುತ್ತಿದ್ದ ನನ್ನ ಕಥೆಯೇ ಅದು. ಈಗ ಹತ್ತೂವರೆಗೆ ಮಿಷನ್ನಿಗೆ ಮುಸುಕು. ಅರ್ಜೆಂಟ್ ಬಟ್ಟೆ ಬೇರೆಯವರು ಹೊಲಿಯಲಿ.

ಎರಡನೆಯದು ಡಬ್ಬಿ. ಇಲಿಗಳಲ್ಲಿ ಜಿಡ್ಡು ನಾಲಿಗೆಗೆ ತಾಗಿದರೆ ಸಾಕು, ಕರುಳಿನಲ್ಲಿ ಈ ವಸ್ತುಗಳು ಏರುತ್ತವೆ, ಸಕ್ಕರೆಗೆ ಹಾಗಾಗುವುದಿಲ್ಲ. ಮನುಷ್ಯನೂ ಪೂರ್ತಿ ಹಾಗೇ ಎಂದು ಹೇಳಲಾರೆ, ಆದರೆ ಕರಿದದ್ದನ್ನು "ಒಂದೇ ಒಂದು" ತಿಂದು ನಿಲ್ಲಿಸಿದವರನ್ನು ನಾನು ನೋಡಿಲ್ಲ. ಡಬ್ಬಿಯನ್ನು ಕೈಗೆಟುಕದ ಕಡೆ ಇಡಿ.

ಮೂರನೆಯದು, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗದ ನಡಿಗೆ. ತೂಕ ಅಷ್ಟಾಗಿ ಇಳಿಯದಿದ್ದರೂ ಒಳಬೊಜ್ಜು ಕರಗುತ್ತದೆ. ನಡೆಯುವಾಗ ಎದೆ ಬಿಗಿಯುವುದಿದ್ದರೆ ಮೊದಲು ಡಾಕ್ಟರು, ಆಮೇಲೆ ನಡಿಗೆ.

ಎಂಟು ತಿಂಗಳಿಗೆ ನನ್ನ ಹೊಟ್ಟೆ 39ರಿಂದ 36 ಇಂಚಿಗೆ ಇಳಿಯಿತು. ಟ್ರೈಗ್ಲಿಸರೈಡ್ 170. ತಿಂಗಳಿಗೊಮ್ಮೆ ಅಳೆಯಿರಿ, ದಿನಾ ಬೇಡ. ಬಟ್ಟೆಯ ಟೇಪಾದರೆ ಮೊದಲು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ನನ್ನ ಹಳೆಯದು ಹಿಗ್ಗಿ ಹಿಗ್ಗಿ ಎಲ್ಲರ ಹೊಟ್ಟೆಯನ್ನೂ ಕಾಲಿಂಚು ಕಡಿಮೆ ತೋರಿಸುತ್ತಿತ್ತು, ನನ್ನದನ್ನೂ.