"ಈಗ ಪೂರ್ತಿ ವಾಸಿ ಆಯ್ತಲ್ವಾ?"

ಐದು ವರ್ಷವಾಯಿತು, ಸಿಕ್ಕವರೆಲ್ಲ ಇನ್ನೂ ಅದನ್ನೇ ಕೇಳುತ್ತಾರೆ. ಇಲ್ಲ ಅಂದರೆ ಅವರ ಮುಖ ಸಪ್ಪಗಾಗುತ್ತದೆ. ಹೂಂ ಅಂದರೆ ಸುಳ್ಳಾಗುತ್ತದೆ. ನನಗಿರುವುದು ಮಲ್ಟಿಪಲ್ ಮೈಲೋಮಾ, ಮೂಳೆಯ ಮಜ್ಜೆಯಲ್ಲಿ ಸೋಂಕಿನ ವಿರುದ್ಧ ಹೋರಾಡಬೇಕಾದ ಪ್ಲಾಸ್ಮಾ ಕಣಗಳು ಹದ್ದು ಮೀರಿ ಬೆಳೆಯುವ ಕ್ಯಾನ್ಸರ್. ಬುಡಸಮೇತ ಕೀಳುವುದು ಕಷ್ಟ, ಆದರೆ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಅದುಮಿಡಬಹುದು.

ಶುರುವಾಗಿದ್ದು ಬೆನ್ನುನೋವಿನಿಂದ. ವಯಸ್ಸಾಯಿತು ಅಂದುಕೊಂಡು ತಿಂಗಳುಗಟ್ಟಲೆ ಐಬುಪ್ರೊಫೆನ್ ನುಂಗಿದೆ. ಮೈಲೋಮಾದಲ್ಲಿ ಕಿಡ್ನಿಗೆ ಮೊದಲೇ ಪೆಟ್ಟು ಬೀಳುತ್ತದೆ, ಅಂಥ ಮಾತ್ರೆ ಅದರ ಮೇಲೆ ಇನ್ನೊಂದು ಪೆಟ್ಟು ಅಂತ ಆಗ ಗೊತ್ತಿರಲಿಲ್ಲ. ಬೆನ್ನಿನ ಮೂಳೆಯೊಂದು ಕುಸಿದಾಗ ಕಾಯಿಲೆ ಸಿಕ್ಕಿಬಿತ್ತು. ಡಾಕ್ಟರು "ಇದನ್ನ ಶುಗರ್ ಕಾಯಿಲೆ ಥರ ಅಂದ್ಕೊಳ್ಳಿ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ಆದರೆ ಶುಗರ್ ಇದೆ ಅಂದರೆ ಯಾರೂ ಕಣ್ಣೀರು ಹಾಕುವುದಿಲ್ಲ, ಅಲ್ವಾ?

ವಾರಕ್ಕೊಂದು ಬೋರ್ಟೆಜೊಮಿಬ್ ಇಂಜೆಕ್ಷನ್, ಲೆನಲಿಡೊಮೈಡ್ ಕ್ಯಾಪ್ಸೂಲು, ಆಮೇಲೆ ರಕ್ತ ಹುಟ್ಟಿಸುವ ನನ್ನದೇ ಸ್ಟೆಮ್ ಸೆಲ್ ತೆಗೆದಿಟ್ಟು, ಕೀಮೋ ಕೊಟ್ಟು, ವಾಪಸ್ ಹಾಕಿದ್ದು. ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಡೆಕ್ಸಮೆಥಸೋನ್ ಅನ್ನುವ ಪುಟ್ಟ ಸ್ಟೀರಾಯ್ಡ್ ಮಾತ್ರೆ. ಅದನ್ನು ನುಂಗಿದ ರಾತ್ರಿ ನಿದ್ದೆಯೇ ಇಲ್ಲ. ಎರಡು ಗಂಟೆಗೆ ಎದ್ದು ಬೀರು ಜೋಡಿಸುತ್ತಿದ್ದೆ. ಮೂರನೇ ದಿನ ಧೊಪ್ಪನೆ ಕುಸಿಯುತ್ತಿದ್ದೆ, ಸುಮ್ಮಸುಮ್ನೆ ಅಳು. ಬಂದವರಿಗೆ ಕಾಣುತ್ತಿದ್ದುದು ಎರಡರಲ್ಲಿ ಒಂದು ಮುಖ. ಒಬ್ಬರು "ಏನೂ ಆಗಿಲ್ಲ, ಚೆನ್ನಾಗಿದ್ದಾರೆ" ಅಂತ ಹೋದರೆ ಇನ್ನೊಬ್ಬರು "ಇನ್ನು ಜಾಸ್ತಿ ದಿನ ಇಲ್ಲ" ಅಂತ ಹೇಳಿಕೊಂಡು ತಿರುಗಿದರು. ಆಗ ಕ್ಯಾಲೆಂಡರಿನಲ್ಲಿ ಮಾತ್ರೆಯ ದಿನ, ಕುಸಿಯುವ ದಿನ ಎರಡನ್ನೂ ಗುರುತು ಹಾಕಿದೆ. ಯಾರು ಫೋನ್ ಮಾಡಿದರೂ ಅದನ್ನು ನೋಡಿಯೇ "ಇವತ್ತು ಬನ್ನಿ, ನಾಳಿದ್ದು ಬೇಡ" ಅನ್ನತೊಡಗಿದೆ.

"ಏನಾದ್ರೂ ಬೇಕಾದ್ರೆ ಹೇಳಿ" ಅನ್ನುವವರು ಬಹಳ ಜನ. ಏನು ಬೇಕು ಅಂತ ನನಗೇ ಗೊತ್ತಿಲ್ಲದಿದ್ದರೆ ಅವರಿಗೆ ಏನು ಹೇಳಲಿ? ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಟ್ಟೆ. ಅಕ್ಕ ಪ್ರತಿ ಸಲ ಆಸ್ಪತ್ರೆಗೆ ಬಂದು ಡಾಕ್ಟರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಭಯದಲ್ಲಿ ನನ್ನ ಕಿವಿಗೆ ಅರ್ಧ ಮಾತೂ ಬೀಳುತ್ತಿರಲಿಲ್ಲ. ಮಗ ಔಷಧದ ಡಬ್ಬಿ ತುಂಬಬೇಕು. ಗೆಳತಿಯೊಬ್ಬಳ ಕೆಲಸ ಕಾಯಿಲೆ ಬಿಟ್ಟು ಬೇರೆ ಎಲ್ಲದರ ಬಗ್ಗೆ ಹರಟುವುದು. ಬೇರು, ಕಷಾಯದಲ್ಲಿ ಕ್ಯಾನ್ಸರ್ ಮಾಯ ಅಂತ ಮೆಸೇಜ್ ಕಳಿಸುತ್ತಿದ್ದ ಭಾವನಿಗೆ ಮಾತ್ರ ಕೈಮುಗಿದೆ.

ಪಾದದ ನೋವನ್ನು ನಾನೇ ಮುಚ್ಚಿಟ್ಟಿದ್ದೆ. ಇರುವೆ ಹರಿದ ಹಾಗೆ, ರಾತ್ರಿ ಹೊದಿಕೆ ತಾಗಿದರೂ ಉರಿ. ಬೋರ್ಟೆಜೊಮಿಬ್ ನರಕ್ಕೆ ಪೆಟ್ಟು ಕೊಡುವುದುಂಟು, ಹೇಳಿದರೆ ಇಂಜೆಕ್ಷನ್ ನಿಲ್ಲಿಸಿಬಿಡುತ್ತಾರೆ ಅನ್ನುವ ಹೆದರಿಕೆ. ಅಕ್ಕ ನೋಟ್‌ಬುಕ್ ತೆಗೆದು ಎಲ್ಲ ಒದರಿಬಿಟ್ಟಳು. ಡಾಕ್ಟರು ಡೋಸ್ ಇಳಿಸಿದರು. ಮುಚ್ಚಿಟ್ಟಿದ್ದರೆ ನರಕ್ಕೆ ಆದ ಪೆಟ್ಟು ಹಾಗೇ ಉಳಿಯಬಹುದಿತ್ತಂತೆ. ಜೊತೆಗೆ ಪ್ಯಾಲಿಯೇಟಿವ್ ಕೇರ್‌ನವರನ್ನು, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯವರನ್ನು, ನೋಡಿ ಅಂದರು. ಅದು ಕೊನೆಗಾಲದವರಿಗೆ ಅಂದುಕೊಂಡಿದ್ದೆ. ನನಗೆ ಸಿಟ್ಟು ನೆತ್ತಿಗೇರಿತು. "ಕೈಬಿಟ್ರಾ ನನ್ನ?" ಅಂತ ಕೇಳಿಯೇಬಿಟ್ಟೆ. ಅವರು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಕತೆ ಹೇಳಿದರು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದವರಿಗೆ ಮೊದಲಿನಿಂದಲೇ ಈ ಆರೈಕೆ ಸಿಕ್ಕಾಗ ಬದುಕು ಹಗುರವಾಯಿತು, ಖಿನ್ನತೆ ಕಡಿಮೆಯಾಯಿತು, ಅವರು ಉಳಿದವರಿಗಿಂತ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬದುಕಿದರು. ನನ್ನದು ಬೇರೆ ಕ್ಯಾನ್ಸರ್, ಲೆಕ್ಕ ಬೇರೆ ಇರಬಹುದು. ಆದರೂ ಹೋದೆ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಶುರುವಾದ ಮೇಲೆ ಹೊದ್ದು ಮಲಗಲು ಆಯಿತು.

ರೋಗಿಗಳ ಗುಂಪಿಗೆ ಆರು ತಿಂಗಳು ಹೋಗಲಿಲ್ಲ. ನನಗಿಂತ ಸೋತವರನ್ನು ನೋಡುವ ಧೈರ್ಯ ಇರಲಿಲ್ಲ. ಹೋದ ಮೊದಲ ದಿನ ಪಕ್ಕದಲ್ಲಿ ಕೂತವರಿಗೆ ಮೈಲೋಮಾ ಬಂದು ಒಂಬತ್ತನೇ ವರ್ಷ. ಅವರು ಅರ್ಧ ಗಂಟೆ ಹಲ್ಲಿನ ಬಗ್ಗೆ ಗೊಣಗಿದರು. ಮೂಳೆ ಗಟ್ಟಿ ಮಾಡುವ ಜೊಲೆಡ್ರೊನಿಕ್ ಆಸಿಡ್ ತಗೊಳ್ಳುವ ಮೊದಲೇ ಹಲ್ಲು ತೋರಿಸಿಕೊಳ್ಳಬೇಕಿತ್ತು, ಈಗ ಕೀಳಿಸಿದರೆ ದವಡೆ ಮೂಳೆಗೆ ಅಪಾಯ ಅಂತ. ನನಗೆ ಒಳಗೊಳಗೇ ಖುಷಿ. ಒಂಬತ್ತನೇ ವರ್ಷದಲ್ಲಿ ಹಲ್ಲಿನ ಚಿಂತೆ ಮಾಡುವಷ್ಟು ಬದುಕು ಇರುತ್ತದೆ ಅಂತಾಯಿತಲ್ಲ! ಹೋದ ವರ್ಷ ಆ ಕುರ್ಚಿ ಖಾಲಿಯಾಯಿತು. ಎರಡು ಸಲ ಗುಂಪಿಗೆ ಹೋಗಲಾಗಲಿಲ್ಲ. ಮೂರನೇ ಸಲ ಹೋದಾಗ ಹೊಸಬರೊಬ್ಬರು ಬಾಗಿಲ ಹತ್ತಿರವೇ ನಿಂತಿದ್ದರು. ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿಬನ್ನಿ ಅಂದೆ.

ಮೊನ್ನೆಯ ರಕ್ತಪರೀಕ್ಷೆಯಲ್ಲಿ ಲೈಟ್ ಚೈನ್, ಅಂದರೆ ಆ ಪ್ಲಾಸ್ಮಾ ಕಣಗಳು ರಕ್ತಕ್ಕೆ ಬಿಡುವ ಪ್ರೋಟೀನು, ಸ್ವಲ್ಪ ಏರಿದೆ. ಮುಂದಿನ ತಿಂಗಳು ಮತ್ತೆ ನೋಡೋಣ, ಏರುತ್ತಲೇ ಹೋದರೆ ಡಾರಾಟುಮುಮಾಬ್ ಅನ್ನುವ ಇನ್ನೊಂದು ಔಷಧ ಇದೆ ಅಂದಿದ್ದಾರೆ ಡಾಕ್ಟರು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹೆಸರು ಇನ್ನೊಂದ್ಸಲ ಹೇಳು, ಬರ್ಕೊಳ್ತೀನಿ" ಅಂದಳು.